10, 20, 50: ಖಿನ್ನತೆಯ ಮೂರು ಮಾತ್ರೆಗಳಲ್ಲಿ ಯಾವುದು ಯಾರಿಗೆ, ಎಷ್ಟು?

ಕೊಬ್ಬರಿ ಮಾರಲು ತಿಪಟೂರಿಗೆ ಬಂದಿದ್ದ ಅಣ್ಣ ತಮ್ಮ ಇಬ್ಬರೂ ಒಟ್ಟಿಗೇ ನನ್ನ ಮೆಡಿಕಲ್ ಶಾಪಿಗೆ ಬಂದರು. ಇಬ್ಬರ ಕೈಯಲ್ಲೂ ಒಂದೊಂದು ಚೀಟಿ. ಅಣ್ಣನಿಗೆ ಎಸ್ಸಿಟಲೊಪ್ರಾಮ್ 10 ಎಂ.ಜಿ., ತಮ್ಮನಿಗೆ ಸರ್ಟ್ರಾಲಿನ್ 50 ಎಂ.ಜಿ. ನಾನು ಕೊಟ್ಟ ಎರಡು ಸ್ಟ್ರಿಪ್‌ಗಳನ್ನು ಅಣ್ಣ ಪಕ್ಕಪಕ್ಕ ಇಟ್ಟು ನೋಡಿದರು. "ನೋಡಕ್ಕಾ, ನಂದು ಬರೀ ಹತ್ತು. ಇವನ್ದು ಐವತ್ತು. ಇವನಿಗೇ ಜಾಸ್ತಿ ಆಗಿರೋದು, ಅಲ್ವಾ?" ತಮ್ಮನ ಮುಖ ಸಪ್ಪಗಾಯಿತು.

ನಿಜ ಹೇಳಬೇಕೆಂದರೆ ಇಬ್ಬರದೂ ಹೆಚ್ಚುಕಡಿಮೆ ಒಂದೇ ಡೋಸ್. ಎಂ.ಜಿ. ಅನ್ನುವುದು ತೂಕ, ಖಾರ ಅಲ್ಲ. ಒಂದು ಹಿಡಿ ಬ್ಯಾಡಗಿ ಮೆಣಸಿನಕಾಯಿ ಹಾಕಿದ ಸಾರೂ ಒಂದು ಹಿಡಿ ಗುಂಟೂರು ಹಾಕಿದ ಸಾರೂ ಒಂದೇ ಥರ ಇರುತ್ತದೆಯೇ? ಇಲ್ಲೂ ಹಾಗೇ. ಎಸ್ಸಿಟಲೊಪ್ರಾಮ್ 10, ಫ್ಲುಆಕ್ಸೆಟಿನ್ 20, ಸರ್ಟ್ರಾಲಿನ್ 50: ಈ ಮೂರೂ ಸುಮಾರಾಗಿ ಒಂದೇ ಮಟ್ಟದವು. ದೊಡ್ಡವರಲ್ಲಿ ಖಿನ್ನತೆಗೆ ಡಾಕ್ಟರು ಸಾಮಾನ್ಯವಾಗಿ ಶುರು ಮಾಡುವುದೇ ಈ ಡೋಸ್‌ನಿಂದ.

ಈ ತಪ್ಪು ಲೆಕ್ಕದಿಂದ ಆಗುವ ತೊಂದರೆ ಸಣ್ಣದಲ್ಲ. 50 ನೋಡಿ ಹೆದರಿ ಅರ್ಧ ಮುರಿದು ನುಂಗುವವರಿದ್ದಾರೆ. 10 ನೋಡಿ "ಇದೇನು ಮಕ್ಕಳ ಡೋಸು" ಅಂತ ಎರಡು ನುಂಗುವವರೂ ಇದ್ದಾರೆ. ಅದಕ್ಕೇ ಈ ಮೂರನ್ನೂ ಒಂದರ ಪಕ್ಕ ಒಂದು ಇಟ್ಟು ಬರೆಯುತ್ತಿದ್ದೇನೆ. ಯಾವ ಮಾತ್ರೆ, ಎಷ್ಟು ಎಂದು ಕೊನೆಗೆ ತೀರ್ಮಾನಿಸುವುದು ಡಾಕ್ಟರೇ. ಆದರೆ ಅವರ ಮುಂದೆ ಕೂತಾಗ ಏನು ಹೇಳಬೇಕು, ಏನು ಕೇಳಬೇಕು ಅನ್ನುವುದು ನಿಮಗೆ ಗೊತ್ತಿದ್ದರೆ ಅವರ ತೀರ್ಮಾನವೂ ಚೆನ್ನಾಗಿರುತ್ತದೆ.

ಮೂರೂ ಒಂದೇ ಮನೆಯವು, ಸ್ವಭಾವ ಬೇರೆ

ಮೂರೂ ಎಸ್‌ಎಸ್‌ಆರ್‌ಐ ಎಂಬ ಗುಂಪಿನ ಮಾತ್ರೆಗಳು. ಮಿದುಳಿನ ನರಕೋಶಗಳು ಸೆರೊಟೋನಿನ್ ಎಂಬ ರಾಸಾಯನಿಕವನ್ನು ಹೊರಬಿಟ್ಟು ಮತ್ತೆ ವಾಪಸ್ ಹೀರಿಕೊಳ್ಳುತ್ತವೆ. ಆ ಹೀರುವಿಕೆಯನ್ನು ಇವು ತಡೆಯುತ್ತವೆ. ಖಿನ್ನತೆಗೆ ಮಾತ್ರವಲ್ಲ, ಅತಿಯಾದ ಆತಂಕ, ಪ್ಯಾನಿಕ್, ಗೀಳು ಕಾಯಿಲೆಗೂ ಇವನ್ನೇ ಬರೆಯುತ್ತಾರೆ. ಇವು ನಿದ್ದೆ ಮಾತ್ರೆಗಳಲ್ಲ. ಚಟ ಹಿಡಿಸುವಂಥವೂ ಅಲ್ಲ.

ಫ್ಲುಆಕ್ಸೆಟಿನ್ ಈ ಮೂರರಲ್ಲಿ ಹಿರಿಯಣ್ಣ. ಅಮೆರಿಕದಲ್ಲಿ ಇದಕ್ಕೆ ಅನುಮತಿ ಸಿಕ್ಕಿದ್ದು 1987ರ ಡಿಸೆಂಬರಿನಲ್ಲಿ. ಇಲ್ಲಿ ಹೆಚ್ಚಾಗಿ 20 ಎಂ.ಜಿ. ಕ್ಯಾಪ್ಸೂಲ್ ಆಗಿ ಬರುತ್ತದೆ. ದಿನಕ್ಕೆ 20ರಿಂದ ಶುರು, ದೊಡ್ಡವರಿಗೆ ಮೇಲಿನ ಮಿತಿ 80. ವಯಸ್ಸಾದವರಿಗೆ ಸಾಮಾನ್ಯವಾಗಿ 40 ದಾಟಿಸುವುದಿಲ್ಲ. ಇದು ಸ್ವಲ್ಪ ಚುರುಕು ಕೊಡುವ ಮಾತ್ರೆ. ಅದಕ್ಕೇ ಬೆಳಿಗ್ಗೆ ತಗೊಳ್ಳಿ ಅನ್ನುವುದು. ರಾತ್ರಿ ತಗೊಂಡು "ನಿದ್ದೆ ಬರ್ತಿಲ್ಲ" ಅಂತ ಬರುವವರಿಗೆ ಎಷ್ಟೋ ಸಲ ಸಮಯ ಬದಲಾಯಿಸಿದರೆ ಸಾಕಾಗುತ್ತದೆ. ಇಡೀ ದಿನ ಮಲಗೇ ಇರಬೇಕು ಅನಿಸುವವರಿಗೆ ಇದು ಒಗ್ಗುವುದುಂಟು. ಮೊದಲೇ ಚಡಪಡಿಸುವವರಿಗೆ, ಊಟ ಸೇರದೆ ಬಡಕಲಾದವರಿಗೆ ಅಷ್ಟಾಗಿ ಒಗ್ಗುವುದಿಲ್ಲ.

ಇದರ ದೊಡ್ಡ ಗುಣವೂ ದೊಡ್ಡ ತೊಡಕೂ ಒಂದೇ: ದೇಹದಲ್ಲಿ ಬಹಳ ದಿನ ಉಳಿಯುತ್ತದೆ. ತಿಂಗಳಾನುಗಟ್ಟಲೆ ತಗೊಂಡವರ ರಕ್ತದಲ್ಲಿ ಇದು ಅರ್ಧಕ್ಕೆ ಇಳಿಯಲು 4ರಿಂದ 6 ದಿನ ಬೇಕು. ಇದರಿಂದಲೇ ದೇಹದಲ್ಲಿ ಹುಟ್ಟುವ ಇನ್ನೊಂದು ರೂಪ ಇಳಿಯುವುದಕ್ಕೆ ಅದಕ್ಕಿಂತಲೂ ಜಾಸ್ತಿ ದಿನ. ಹಾಗಾಗಿ ಒಂದು ದಿನ ಮರೆತರೆ ಏನೂ ಗೊತ್ತಾಗುವುದಿಲ್ಲ. ಆದರೆ ನಿಲ್ಲಿಸಿದ ಮೇಲೂ ವಾರಗಟ್ಟಲೆ ಬೇರೆ ಔಷಧಿಗಳ ಜೊತೆ ಜಗಳ ತೆಗೆಯಬಲ್ಲದು. "ಬಿಟ್ಟು ಎರಡು ವಾರ ಆಯ್ತಲ್ಲ" ಅಂದರೆ ಪ್ರಯೋಜನವಿಲ್ಲ. ಡಾಕ್ಟರಿಗೆ ಅದನ್ನೂ ಹೇಳಬೇಕು.

ಸರ್ಟ್ರಾಲಿನ್ 25, 50, 100ರ ಮಾತ್ರೆಗಳಲ್ಲಿ ಸಿಗುತ್ತದೆ. ಖಿನ್ನತೆಗೆ ಶುರು 50. ಪ್ಯಾನಿಕ್ ಇರುವವರಿಗೆ ಮೊದಲ ವಾರ 25 ಕೊಟ್ಟು ಆಮೇಲೆ 50ಕ್ಕೆ ಏರಿಸುತ್ತಾರೆ. ಮಿತಿ 200. ಬೆಳಿಗ್ಗೆ ಅಥವಾ ಸಂಜೆ, ನಿಮಗೆ ಹೊಂದುವ ಹೊತ್ತಿಗೆ. ಇದರ ಮುಖ್ಯ ಕಿರಿಕಿರಿ ಹೊಟ್ಟೆಯದು. ಮೊದಲ ವಾರಗಳಲ್ಲಿ ಭೇದಿ, ಹೊಟ್ಟೆ ತೊಳಸುವುದು ಉಳಿದೆರಡಕ್ಕಿಂತ ಇದರಲ್ಲಿ ಜಾಸ್ತಿ. ತಿಂಡಿಯ ಜೊತೆ ತಗೊಂಡರೆ ಸ್ವಲ್ಪ ವಾಸಿ. ಇಷ್ಟು ಕಿರಿಕಿರಿ ಇದ್ದರೂ ಎರಡು ಕಡೆ ಡಾಕ್ಟರ ಕೈ ಮೊದಲು ಇದರತ್ತ ಹೋಗುತ್ತದೆ. ಒಂದು, ಹೃದಯಾಘಾತ ಆಗಿ ಚೇತರಿಸಿಕೊಳ್ಳುತ್ತಿರುವವರು. ಅಂಥವರಲ್ಲೇ ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಎರಡು, ಬಾಣಂತಿಯರು. ಇದು ಎದೆಹಾಲಿಗೆ ಇಳಿಯುವುದು ತೀರಾ ಕಡಿಮೆ.

ಎಸ್ಸಿಟಲೊಪ್ರಾಮ್ ನನ್ನ ಶಾಪಿನಲ್ಲಿ ಅತಿ ಹೆಚ್ಚು ಹೋಗುವುದು. 5, 10, 20 ಎಂ.ಜಿ. ಮಾತ್ರೆಗಳಿವೆ. ಶುರು 10, ಮಿತಿ 20. ಇನ್ನೆರಡಕ್ಕೆ ಹೋಲಿಸಿದರೆ ಇದರ ಏಣಿಗೆ ಮೆಟ್ಟಿಲು ತೀರಾ ಕಡಿಮೆ, ಗಮನಿಸಿ. 10ರಿಂದ 20ಕ್ಕೆ ಹೋದರೆ ಅಲ್ಲಿಗೆ ಮುಗಿಯಿತು. 65 ದಾಟಿದವರಿಗಂತೂ 5ರಿಂದ ಶುರು, 10ಕ್ಕೆ ನಿಲುಗಡೆ. ಹೊಟ್ಟೆಗೆ ಸೌಮ್ಯ, ಬೇರೆ ಮಾತ್ರೆಗಳ ಜೊತೆ ಜಗಳವೂ ಕಡಿಮೆ. ಆದರೆ ಡೋಸ್ ಏರಿದಷ್ಟೂ ಹೃದಯದ ಬಡಿತದ ಲಯ ಏರುಪೇರಾಗುವ ಸಾಧ್ಯತೆ ಇದೆ. ಇಸಿಜಿಯಲ್ಲಿ ಕ್ಯೂಟಿ ಅನ್ನುವ ಅಂತರ ಉದ್ದವಾಗುತ್ತದೆ. ಮಿತಿಯನ್ನು 20ಕ್ಕೇ ಕಟ್ಟಿರುವುದಕ್ಕೆ ಇದೂ ಕಾರಣ. ಹಳೆಯ ಚೀಟಿಯಲ್ಲಿ 'ಎಸ್' ಇಲ್ಲದೆ ಬರೀ ಸಿಟಲೊಪ್ರಾಮ್ 20 ಅಂತ ಇದ್ದರೆ ಅದು ಬೇರೆ ಲೆಕ್ಕ. ಅದರ 20 ಅಂದರೆ ಇದರ 10. ಹೆಸರು ಹತ್ತಿರ ಇದೆ ಅಂತ ಒಂದರ ಬದಲು ಇನ್ನೊಂದನ್ನು ಅದೇ ಎಂ.ಜಿ.ಯಲ್ಲಿ ತಗೊಳ್ಳಬೇಡಿ.

ಲೈಂಗಿಕ ಆಸಕ್ತಿ ಕುಗ್ಗುವುದು, ತೃಪ್ತಿ ಸಿಗುವುದು ತಡವಾಗುವುದು ಮೂರರಲ್ಲೂ ಆಗುತ್ತದೆ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಸುಮ್ನೆ ಮಾತ್ರೆ ಬಿಟ್ಟುಬಿಡುತ್ತಾರೆ. ಹೇಳಿ. ಡಾಕ್ಟರ ಹತ್ತಿರ ದಾರಿಗಳಿವೆ.

ನೀವು ಪಕ್ಕದ ಮನೆಯವರ ಜೊತೆ ಹೋಲಿಸಿಕೊಳ್ಳುವವರಾದರೆ ಇದೂ ಗೊತ್ತಿರಲಿ. ಪದೇ ಪದೇ ಕೈ ತೊಳೆಯುವ, ಬೀಗ ಹಾಕಿದ್ದನ್ನೇ ಹತ್ತು ಸಲ ನೋಡುವ ಗೀಳು ಕಾಯಿಲೆಗೆ ಖಿನ್ನತೆಗಿಂತ ಹೆಚ್ಚಿನ ಡೋಸ್ ಬೇಕಾಗುತ್ತದೆ. ಸರ್ಟ್ರಾಲಿನ್ 200, ಫ್ಲುಆಕ್ಸೆಟಿನ್ 60 ಅಲ್ಲಿ ಮಾಮೂಲು. ಬರೀ ಖಿನ್ನತೆಗಾದರೆ ಡೋಸ್ ಏರಿಸುತ್ತಾ ಹೋದಷ್ಟೂ ಗುಣ ಏರುವುದಿಲ್ಲ. ಒಂದು ಹಂತ ದಾಟಿದ ಮೇಲೆ ಗುಣ ಅಷ್ಟಕ್ಕೇ ನಿಲ್ಲುತ್ತದೆ, ಅಡ್ಡಪರಿಣಾಮ ಮಾತ್ರ ಏರುತ್ತದೆ.

ಹೆಸರಿಗೆ ಬಾಲ ಇದೆಯಾ ನೋಡಿ

ಆತಂಕ ಎಂದು ಹೋದವರಿಗೆ ಎಸ್ಸಿಟಲೊಪ್ರಾಮ್ ಮತ್ತು ಕ್ಲೊನಜೆಪಾಮ್ ಸೇರಿಸಿದ ಒಂದೇ ಮಾತ್ರೆ ಬರೆಯುವುದು ನಮ್ಮಲ್ಲಿ ಬಹಳ. ಪೆಟ್ಟಿಗೆಯ ಮೇಲೆ ಅದೇ ಕಂಪನಿ ಹೆಸರು, ಹಿಂದೆ 'ಪ್ಲಸ್' ಅಂತಲೋ ಎರಡು ಅಕ್ಷರವೋ ಒಂದು ಬಾಲ. ಆ ಬಾಲವೇ ಕ್ಲೊನಜೆಪಾಮ್. ಕೆಲವದರಲ್ಲಿ ಎಟಿಜೊಲಾಮ್ ಇರುತ್ತದೆ. ಇದು ಬೇರೆ ಜಾತಿ. ನುಂಗಿದ ಗಂಟೆಯೊಳಗೇ ಹಾಯ್ ಅನಿಸುತ್ತದೆ, ನಿದ್ದೆ ಬರುತ್ತದೆ, ತಿಂಗಳುಗಟ್ಟಲೆ ತಗೊಂಡರೆ ಚಟ ಹಿಡಿಸುತ್ತದೆ. ಮೊದಲ ಕೆಲವು ವಾರ, ಮುಖ್ಯ ಮಾತ್ರೆ ಕೆಲಸ ಶುರು ಮಾಡುವ ತನಕ, ಇದರ ಉಪಯೋಗ ಇದೆ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ತೊಡಕು ಎಲ್ಲಿ ಅಂದರೆ, ಎರಡೂ ಒಂದೇ ಮಾತ್ರೆಯಲ್ಲಿದ್ದರೆ ಒಂದನ್ನು ಬಿಟ್ಟು ಇನ್ನೊಂದನ್ನು ಏರಿಸಲು ಆಗುವುದಿಲ್ಲ. 10 ಸಾಲದು ಅಂತ ಎರಡು ನುಂಗಿದರೆ ಕ್ಲೊನಜೆಪಾಮೂ ಎರಡು ಪಾಲು. ಬಸ್ಸು, ಟ್ರ್ಯಾಕ್ಟರ್ ಓಡಿಸುವವರಿಗೆ, ರಾತ್ರಿ ಎದ್ದು ಬಚ್ಚಲಿಗೆ ಹೋಗುವ ವಯಸ್ಸಾದವರಿಗೆ ಇದು ಬೀಳುವ ದಾರಿ. ಸಂಜೆ ಕುಡಿಯುವ ಅಭ್ಯಾಸ ಇದ್ದರಂತೂ ಇನ್ನೂ ಅಪಾಯ. ಹಾಗಂತ ವರ್ಷಗಟ್ಟಲೆ ತಗೊಂಡವರು ಒಂದೇ ದಿನ ನಿಲ್ಲಿಸಿದರೆ ಫಿಟ್ಸ್ ಬರಬಹುದು.

ಎರಡರಲ್ಲಿ ಒಂದನ್ನು ಆರಿಸಿ ಅಂದರೆ ನನ್ನ ಮತ ಬೇರೆಬೇರೆ ಮಾತ್ರೆಗೇ. ದಿನಕ್ಕೆ ಒಂದರ ಬದಲು ಎರಡು ನುಂಗಬೇಕು, ಅಷ್ಟೇ. ಆದರೆ ಎರಡನೆಯದನ್ನು ಇಳಿಸುವ ದಿನ ಬಂದಾಗ ಸುಲಭ. "ಡಾಕ್ಟ್ರೇ, ಇದರಲ್ಲಿ ನಿದ್ದೆ ಮಾತ್ರೆ ಸೇರಿದೆಯಾ? ಎಷ್ಟು ದಿನಕ್ಕೆ?" ಅಂತ ಒಂದು ಮಾತು ಕೇಳಿ.

ಮನೆಯ ಡಬ್ಬಿಯಲ್ಲಿ ಮೊದಲೇ ಇರುವ ಮಾತ್ರೆಗಳು

ಯಾವುದು ಸುರಕ್ಷಿತ ಅನ್ನುವ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ. ಒಂದು ಘಟನೆ ಹೇಳುತ್ತೇನೆ. ಎಪ್ಪತ್ತು ದಾಟಿದ ಒಬ್ಬ ಅಜ್ಜಿ. ಗಂಡ ಹೋದ ಮೇಲೆ ಊಟ ಬಿಟ್ಟಿದ್ದರು. ಎಸ್ಸಿಟಲೊಪ್ರಾಮ್ ಶುರುವಾಯಿತು. ಎರಡು ವಾರ ಕಳೆದು ಮಗ ಬಂದರು. "ಅಮ್ಮ ಸೊಸೆನ ಸತ್ತೋದ ಅತ್ತೆ ಹೆಸರಲ್ಲಿ ಕರೀತಿದಾರೆ. ಬಾಗಿಲು ಹತ್ರ ಎರಡು ಸಲ ಬಿದ್ರು. ಜಾಸ್ತಿ ಡೋಸಿಂದು ಕೊಡಿ." ನಾನು ಹಳೆಯ ಬಿಲ್ ತೆಗೆದು ನೋಡಿದೆ. ಅಜ್ಜಿಯ ಬಿಪಿ ಮಾತ್ರೆ ಟೆಲ್ಮಿಸಾರ್ಟನ್, ಜೊತೆಗೆ ಹೈಡ್ರೋಕ್ಲೋರೋಥಯಾಜೈಡ್ ಸೇರಿದ್ದು. ಈ ಎರಡನೆಯದು ಮೂತ್ರದಲ್ಲಿ ಉಪ್ಪು ಹೊರಹಾಕಿಸುತ್ತದೆ. ಖಿನ್ನತೆಯ ಮಾತ್ರೆಯೂ ವಯಸ್ಸಾದವರಲ್ಲಿ ರಕ್ತದ ಸೋಡಿಯಂ ಇಳಿಸಬಹುದು. ಎರಡೂ ಸೇರಿದರೆ ಮಂಕು, ಗೊಂದಲ, ತಲೆನೋವು, ಬೀಳುವುದು. ಡೋಸ್ ಏರಿಸುವುದಿರಲಿ, ಇವತ್ತೇ ರಕ್ತ ಪರೀಕ್ಷೆ ಮಾಡಿಸಿ ಅಂದೆ. ಸೋಡಿಯಂ ಇಳಿದೇ ಇತ್ತು. ಎರಡು ಚೀಟಿ, ಇಬ್ಬರು ಡಾಕ್ಟರು. ಎರಡನ್ನೂ ಕೊಟ್ಟವಳು ಮಾತ್ರ ನಾನೊಬ್ಬಳೇ. ಕೊಡುವಾಗಲೇ ಗಮನಿಸಬೇಕಿತ್ತು. ಅವತ್ತಿನಿಂದ ವಯಸ್ಸಾದವರು ಈ ಮೂರರಲ್ಲಿ ಯಾವುದಕ್ಕೆ ಬಂದರೂ ಬಿಪಿ ಮಾತ್ರೆಯ ಸ್ಟ್ರಿಪ್ ತೋರಿಸಿ ಅನ್ನುತ್ತೇನೆ.

ಗ್ಯಾಸ್ ಮಾತ್ರೆಯನ್ನು ಯಾರೂ ಔಷಧಿ ಅಂತ ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಆದರೆ ಒಮೆಪ್ರಜೋಲ್, ಇಸೊಮೆಪ್ರಜೋಲ್ ತಗೊಂಡರೆ ರಕ್ತದಲ್ಲಿ ಎಸ್ಸಿಟಲೊಪ್ರಾಮ್ ಮಟ್ಟ ಏರುತ್ತದೆ. ನೀವು ನುಂಗಿದ್ದು 10 ಆದರೂ ದೇಹಕ್ಕೆ ಅದಕ್ಕಿಂತ ಜಾಸ್ತಿ ನುಂಗಿದ ಹಾಗೆ. ಇನ್ನು ಹೆಸರಿನ ಕೊನೆಗೆ 'ಡಿ' ಅಥವಾ 'ಡಿಎಸ್‌ಆರ್' ಇರುವ ಗ್ಯಾಸ್ ಕ್ಯಾಪ್ಸೂಲ್‌ಗಳು ಇವೆಯಲ್ಲ, ಅವುಗಳಲ್ಲಿ ಇರುವುದು ಡಾಂಪೆರಿಡೋನ್. ಅದೂ ಕ್ಯೂಟಿ ಉದ್ದ ಮಾಡುತ್ತದೆ. ನೆಗಡಿ ಕೆಮ್ಮಿಗೆ ಬರೆಯುವ ಅಜಿತ್ರೊಮೈಸಿನ್ ಕೂಡ ಅದೇ ಸಾಲಿನದು. ಎಸ್ಸಿಟಲೊಪ್ರಾಮ್ ತಗೊಳ್ಳುವವರು ಇವನ್ನು ಕೇಳದೆ ತಗೊಳ್ಳಬಾರದು. ಹೃದಯದ ತೊಂದರೆ ಇದ್ದವರಂತೂ ಮುಟ್ಟಲೇಬಾರದು.

ಬೇರೆ ಮಾತ್ರೆಗಳ ಜೊತೆ ಜಗಳಕ್ಕೆ ನಿಲ್ಲುವುದರಲ್ಲಿ ಫ್ಲುಆಕ್ಸೆಟಿನ್ ಎಲ್ಲಕ್ಕಿಂತ ಮುಂದು. ಬೇರೆ ಔಷಧಿಗಳನ್ನು ಕರಗಿಸುವ ಲಿವರಿನ ಒಂದು ಎಂಜೈಮನ್ನು ಇದು ಕಟ್ಟಿಹಾಕುತ್ತದೆ. ಬಿಪಿಗೆ ಮೆಟೊಪ್ರೊಲಾಲ್ ತಗೊಳ್ಳುವವರ ನಾಡಿ ಬಡಿತ ತೀರಾ ಇಳಿಯಬಹುದು. ತಲೆನೋವಿಗೋ ನರನೋವಿಗೋ ರಾತ್ರಿ ಅಮಿಟ್ರಿಪ್ಟಿಲಿನ್ 10 ತಗೊಳ್ಳುವವರಲ್ಲಿ ಅದರ ಮಟ್ಟ ಏರಬಹುದು. ಸ್ತನ ಕ್ಯಾನ್ಸರಿಗೆ ಟಮಾಕ್ಸಿಫೆನ್ ತಗೊಳ್ಳುವವರಲ್ಲಿ ಉಲ್ಟಾ: ಆ ಔಷಧಿ ಕೆಲಸ ಮಾಡಲು ಇದೇ ಎಂಜೈಮ್ ಬೇಕು. ಹಾಗಾಗಿ ಹಲವು ಕಾಯಿಲೆ, ಹಲವು ಮಾತ್ರೆ ಇರುವ ಮನೆಗೆ ಫ್ಲುಆಕ್ಸೆಟಿನ್ ಅಷ್ಟು ಒಳ್ಳೆ ಆಯ್ಕೆಯಲ್ಲ ಅನ್ನುವುದು ನನ್ನ ಅನುಭವ. ಸರ್ಟ್ರಾಲಿನ್ ಅಲ್ಲಿ ವಾಸಿ.

ಮೂರಕ್ಕೂ ಸಮಾನವಾದ ಶತ್ರುಗಳೂ ಇವೆ. ಸೊಂಟನೋವಿಗೆ ಕೊಡುವ ಟ್ರಮಡಾಲ್, ಒಣಕೆಮ್ಮಿನ ಸಿರಪ್ಪಿನಲ್ಲಿರುವ ಡೆಕ್ಸ್‌ಟ್ರೊಮೆಥಾರ್ಫಾನ್, ಲಿನೆಜೊಲಿಡ್ ಎಂಬ ಆಂಟಿಬಯಾಟಿಕ್. ಇವು ಜೊತೆ ಸೇರಿದರೆ ಸೆರೊಟೋನಿನ್ ಅತಿಯಾಗಬಹುದು. ಮೈ ನಡುಗುವುದು, ವಿಪರೀತ ಬೆವರು, ಸ್ನಾಯು ಎಳೆತ, ಜ್ವರ, ಭೇದಿ, ಗಾಬರಿ ಒಟ್ಟಿಗೇ ಕಂಡರೆ ಅದನ್ನು ವೈರಲ್ ಜ್ವರ ಅಂದುಕೊಂಡು ಮಲಗಬೇಡಿ, ಆಸ್ಪತ್ರೆಗೆ ಹೋಗಿ. ಡೈಕ್ಲೊಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ಜೊತೆಗೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಸಾಧ್ಯತೆ ಏರುತ್ತದೆ. ಮಲ ಟಾರಿನ ಹಾಗೆ ಕಪ್ಪಗಾದರೆ ತಡ ಮಾಡಬೇಡಿ. ಮೈಕೈ ನೋವಿಗೆ ಪ್ಯಾರಸಿಟಮಾಲ್ ಸಾಕು.

ಮೊದಲ ಆರು ವಾರ

ಮೂರರಲ್ಲಿ ಯಾವುದೇ ಆಗಲಿ, ಅಡ್ಡಪರಿಣಾಮ ಮೊದಲ ದಿನವೇ ಬರುತ್ತದೆ, ಗುಣ ಎರಡನೇ ವಾರದಿಂದ ನಿಧಾನಕ್ಕೆ ಬರುತ್ತದೆ. ಪೂರ್ತಿ ಗೊತ್ತಾಗಲು ನಾಲ್ಕರಿಂದ ಆರು ವಾರ. ಹೊಟ್ಟೆ ತೊಳಸುವುದು, ತಲೆನೋವು, ಚಡಪಡಿಕೆ ಬಂದು ಗುಣ ಇನ್ನೂ ಬಾರದ ಆ ಹತ್ತು ಹದಿನೈದು ದಿನಗಳಲ್ಲೇ ಜನ ಮಾತ್ರೆ ಬಿಡುವುದು. ಇಲ್ಲವೇ ತಾವೇ ಡೋಸ್ ಏರಿಸುವುದು. ಫ್ಲುಆಕ್ಸೆಟಿನ್ ಏರಿಸಿದ್ದರ ಪೂರ್ತಿ ಫಲ ಕಾಣಲು ವಾರಗಳು ಬೇಕು. ನಾಲ್ಕು ದಿನಕ್ಕೊಮ್ಮೆ ಏರಿಸುತ್ತಾ ಹೋದರೆ ಎಲ್ಲಿ ನಿಲ್ಲಬೇಕಿತ್ತು ಅನ್ನುವುದೇ ಗೊತ್ತಾಗುವುದಿಲ್ಲ.

25 ತುಂಬದ ಹುಡುಗ ಹುಡುಗಿಯರ ವಿಷಯದಲ್ಲಿ ಮನೆಯವರು ಕಣ್ಣಿಟ್ಟಿರಬೇಕು. ಈ ವಯಸ್ಸಿನ ಕೆಲವರಲ್ಲಿ ಶುರುವಿನ ವಾರಗಳಲ್ಲಿ, ಡೋಸ್ ಬದಲಾದಾಗ, ಸಾಯುವ ಯೋಚನೆ ಹೆಚ್ಚಾಗಬಹುದು ಎಂದು ಅಮೆರಿಕದ ಔಷಧ ಇಲಾಖೆ 2004ರಲ್ಲಿ ಮಕ್ಕಳ ಬಗ್ಗೆ, 2007ರಲ್ಲಿ 24 ವರ್ಷದವರೆಗಿನವರ ಬಗ್ಗೆ ಔಷಧಿಯ ಮಾಹಿತಿ ಪತ್ರದಲ್ಲಿ ಚೌಕಟ್ಟು ಕಟ್ಟಿ ಎಚ್ಚರಿಕೆ ಹಾಕಿಸಿತು. ಮಾತ್ರೆ ಬೇಡ ಅಂತಲ್ಲ ಅದರ ಅರ್ಥ. ಸ್ಟ್ರಿಪ್ ಅಮ್ಮನ ಹತ್ತಿರವೋ ಅಕ್ಕನ ಹತ್ತಿರವೋ ಇರಲಿ, ಒಂದೊಂದೇ ವಾರದ ಮಾತ್ರೆ ತನ್ನಿ, ವಾರಕ್ಕೊಮ್ಮೆ ಡಾಕ್ಟರಿಗೆ ತೋರಿಸಿ. ಇದ್ದಕ್ಕಿದ್ದಂತೆ ನಿದ್ದೆಯೇ ಬೇಡವಾಗಿ, ಮಾತು ನಿಲ್ಲದೆ, ಸಿಕ್ಕಾಪಟ್ಟೆ ಖರ್ಚು ಮಾಡುತ್ತಾ ಖುಷಿಯಾಗಿದ್ದರೆ ಗುಣವಾಯಿತು ಅಂದುಕೊಳ್ಳಬೇಡಿ. ಅದು ಬೇರೆ ಕಾಯಿಲೆಯ ಸೂಚನೆ ಇರಬಹುದು, ಆಗ ಈ ಮಾತ್ರೆಯನ್ನೇ ಬದಲಿಸಬೇಕಾಗುತ್ತದೆ.

ಜೀವ ಬೇಡ ಅನಿಸುವ ಹೊತ್ತಿಗೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್‌ಗೆ 14416 ಒತ್ತಿ. 2022ರ ಅಕ್ಟೋಬರಿನಿಂದ ನಡೆಯುತ್ತಿದೆ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಮರೆತರೆ, ಎರಡಾದರೆ, ಬಿಡಬೇಕೆಂದರೆ

ಬೆಳಿಗ್ಗೆಯದು ಮರೆತು ಸಂಜೆಯೊಳಗೆ ನೆನಪಾದರೆ ತಗೊಳ್ಳಿ. ಮಾರನೇ ದಿನ ನೆನಪಾದರೆ ಬಿಟ್ಟುಬಿಡಿ, ಆ ದಿನದ್ದು ಮಾತ್ರ ತಗೊಳ್ಳಿ. ನಿನ್ನೆಯದೂ ಸೇರಿಸಿ ಎರಡು ನುಂಗುವುದು ಬೇಡ. ಮರೆವಿನಿಂದ ಒಂದು ಹೆಚ್ಚಾಗಿ ಹೋದರೆ ಸಾಮಾನ್ಯವಾಗಿ ಗಾಬರಿ ಬೀಳಬೇಕಾಗಿಲ್ಲ, ಡಾಕ್ಟರಿಗೆ ಫೋನ್ ಮಾಡಿ. ಹೃದಯದ ಕಾಯಿಲೆ ಇದ್ದರೆ, ಒಂದಕ್ಕಿಂತ ಜಾಸ್ತಿ ಹೋಗಿದ್ದರೆ, ಮಗು ನುಂಗಿದ್ದರೆ ಫೋನು ಗೀನು ಬೇಡ. ಸ್ಟ್ರಿಪ್ ಕೈಯಲ್ಲಿ ಹಿಡಿದು ನೇರ ಆಸ್ಪತ್ರೆಗೆ.

ಬ್ರ್ಯಾಂಡ್ ಬದಲಾದರೆ ಚಿಂತೆಯಿಲ್ಲ. ಜನೌಷಧಿ ಕೇಂದ್ರದ್ದಾದರೂ ಸರಿ. ಕಂಪನಿ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ ಇರುವ ಔಷಧಿಯ ಹೆಸರೂ ಎಂ.ಜಿ.ಯೂ ಹೊಂದಬೇಕು, ಅಷ್ಟೇ.

ಬಿಡುವ ವಿಷಯದಲ್ಲಿ ಮೂರರ ನಡುವೆ ನಿಜವಾದ ವ್ಯತ್ಯಾಸ ಕಾಣುತ್ತದೆ. ಎಸ್ಸಿಟಲೊಪ್ರಾಮ್, ಸರ್ಟ್ರಾಲಿನ್ ರಕ್ತದಲ್ಲಿ ಒಂದು ದಿನ ಚಿಲ್ಲರೆಗೇ ಅರ್ಧಕ್ಕೆ ಇಳಿಯುತ್ತವೆ. ಹಬ್ಬಕ್ಕೆ ಊರಿಗೆ ಹೋದವರು ಸ್ಟ್ರಿಪ್ ಮರೆತು ಮೂರನೇ ದಿನಕ್ಕೆ ಫೋನ್ ಮಾಡುತ್ತಾರೆ: ತಲೆಯೊಳಗೆ ಕರೆಂಟ್ ಹೊಡೆದ ಹಾಗೆ ಜುಮ್ ಅನ್ನುತ್ತಿದೆ, ಕಣ್ಣು ಹೊರಳಿಸಿದರೆ ತಲೆ ಸುತ್ತುತ್ತದೆ, ಸುಮ್ನೆ ಅಳು ಬರುತ್ತದೆ. ಇದು ಕಾಯಿಲೆ ಮರುಕಳಿಸಿದ್ದಲ್ಲ, ಮಾತ್ರೆ ಒಮ್ಮೆಗೇ ನಿಂತದ್ದರ ಫಲ. ಫ್ಲುಆಕ್ಸೆಟಿನ್‌ನಲ್ಲಿ ಇದು ಕಡಿಮೆ, ಅದು ತಾನಾಗಿಯೇ ನಿಧಾನಕ್ಕೆ ಇಳಿಯುತ್ತದೆ. ಕ್ಯಾಪ್ಸೂಲ್ ಮುರಿಯಲು ಬರುವುದಿಲ್ಲವಾದರೂ ದಿನ ಬಿಟ್ಟು ದಿನ ತಗೊಳ್ಳಿ ಅಂತ ಡಾಕ್ಟರು ಹೇಳಬಹುದು, ಅದಕ್ಕೆ ಅದು ನಡೆಯುತ್ತದೆ. ಎಸ್ಸಿಟಲೊಪ್ರಾಮನ್ನು ದಿನ ಬಿಟ್ಟು ದಿನ ತಗೊಂಡರೆ ಪ್ರತಿ ಎರಡನೇ ದಿನವೂ ನಿಲ್ಲಿಸಿದ ಹಾಗೆಯೇ. ಅದನ್ನು 10ರಿಂದ 5ಕ್ಕೆ, ಮತ್ತೆ ಅದರರ್ಧಕ್ಕೆ, ವಾರಗಟ್ಟಲೆ ಕಾದು ಇಳಿಸಬೇಕು. ಮರೆವು ಜಾಸ್ತಿ ಇರುವ, ಲಾರಿಯಲ್ಲೋ ಬೇರೆ ಊರಿನಲ್ಲೋ ಅಲೆಯುವ ಕೆಲಸದವರು ಇದನ್ನು ಮೊದಲೇ ಡಾಕ್ಟರಿಗೆ ಹೇಳಿದರೆ ಅವರು ಫ್ಲುಆಕ್ಸೆಟಿನ್ ಯೋಚಿಸಬಹುದು.

ಯಾವಾಗ ಬಿಡುವುದು? ಮನಸ್ಸು ಹಗುರಾದ ದಿನವಲ್ಲ. ಹಗುರಾದ ಮೇಲೂ ಅದೇ ಡೋಸ್ ಆರರಿಂದ ಒಂಬತ್ತು ತಿಂಗಳು. ಮೊದಲೂ ಒಂದೆರಡು ಸಲ ಬಂದುಹೋಗಿದ್ದರೆ ಇನ್ನೂ ಹೆಚ್ಚು ಕಾಲ. ಬಸುರಿ ಅಂತ ಗೊತ್ತಾದ ಕೂಡಲೇ ಹೆದರಿ ಎಸೆಯುವುದೂ ಬೇಡ, ಮೊದಲು ಡಾಕ್ಟರ ಹತ್ತಿರ ಹೋಗಿ.

ತಿಂಗಳಿಗೊಮ್ಮೆ ಬೆಂಗಳೂರಿನ ನಿಮ್ಹಾನ್ಸ್‌ಗೋ ಧಾರವಾಡದ ಡಿಮ್ಹಾನ್ಸ್‌ಗೋ ಹೋಗಲು ಎಲ್ಲರಿಗೂ ಆಗುವುದಿಲ್ಲ. ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಇದೆ, ನಿಮ್ಮ ಊರಿನ ಆಸ್ಪತ್ರೆಯಲ್ಲಿ ವಿಚಾರಿಸಿ. ಹೋಗುವಾಗ ಮನೆಯಲ್ಲಿರುವ ಎಲ್ಲ ಸ್ಟ್ರಿಪ್‌ಗಳನ್ನೂ ಒಂದು ಕವರಿಗೆ ಹಾಕಿಕೊಳ್ಳಿ. ಗ್ಯಾಸ್ ಮಾತ್ರೆ, ಕೆಮ್ಮಿನ ಸಿರಪ್ ಕೂಡ.

ಆ ಅಣ್ಣ ತಮ್ಮ ಮೊನ್ನೆಯೂ ಬಂದಿದ್ದರು. ತಮ್ಮ ಇನ್ನೂ 50ರಲ್ಲೇ ಇದ್ದಾನೆ, ಹೊಟ್ಟೆ ಸರಿಹೋಗಿದೆಯಂತೆ. ಅಣ್ಣನಿಗೆ ಡಾಕ್ಟರು 15 ಮಾಡಿದ್ದಾರೆ. ಈ ಸಲ ಇಬ್ಬರೂ ಸ್ಟ್ರಿಪ್ ಪಕ್ಕಪಕ್ಕ ಇಡಲಿಲ್ಲ. ಬಿಲ್ ಕೊಟ್ಟು, ಕೊಬ್ಬರಿ ರೇಟಿನ ಬಗ್ಗೆ ಮಾತಾಡಿಕೊಂಡು ಹೋದರು.